ಕಂದು ಕುರಿಯ ಉಣ್ಣೆ

ಆ ಬೇಸಿಗೆಯಲ್ಲಿ ಮುಬೆಜ್ಜೆಲ್‌ಗೆ ಎರಡು ಕೆಲಸ ಒಟ್ಟಿಗೇ ಮೈಮೇಲೆ ಬಂದವು. ಹಿತ್ತಲಲ್ಲಿ ಬೆಂಡೆ ಕೊಯ್ಲಿಗೆ ಬಂತು, ಮನೆಗೆ ಹೊಲಿಯಲು ಮದುವೆಯ ರಜಾಯಿ ಬಂತು. ಎರಡೂ ಒಂದಕ್ಕೊಂದು ಆಗದ ಕೆಲಸಗಳು. ನಮ್ಮ ಅಮಾಸ್ಯಾ ಊರಿನ ಬೆಂಡೆಯನ್ನು ಕಿರುಬೆರಳಿನ ಉಗುರಿನಷ್ಟಿರುವಾಗಲೇ, ಹೂವು ಇನ್ನೂ ತುದಿಗೆ ಅಂಟಿಕೊಂಡಿರುವಾಗಲೇ ಕೀಳಬೇಕು. ಅದರ ಸುಂಕು ಚುಚ್ಚಿ ಬೆರಳು ಒರಟಾಗುತ್ತದೆ. ಒರಟು ಬೆರಳು ಸ್ಯಾಟಿನ್ ಬಟ್ಟೆಗೆ ತಾಗಿತೋ, ಎಳೆ ಕಿತ್ತು ಬರುತ್ತದೆ.

ರಜಾಯಿಯ ಬಟ್ಟೆ ತಂದವಳು ತಂಗಿ ಸಾದೆತ್. ಸೋಮವಾರ ಬೆಳಗ್ಗೆ ಸೇತುವೆ ದಾಟಿ ಬಂದವಳು ದಾಳಿಂಬೆ ಬಣ್ಣದ ಸ್ಯಾಟಿನ್ನನ್ನೂ ಒಂದು ಮೂಟೆ ಹೊಸ ಉಣ್ಣೆಯನ್ನೂ ಜಗಲಿಯ ಮೇಲಿಟ್ಟಳು.

"ಅಕ್ಕಾ, ಇದನ್ನ ನೀನೇ ಹೊಲೀಬೇಕು. ಜೊತೆಗೆ ಎರಡು ದಿಂಬು. ಶನಿವಾರ ನಾನೇ ಬಂದು ತಗೊಂಡು ಹೋಗ್ತೀನಿ."

"ಶನಿವಾರಾನಾ? ತಲೆ ಕೆಟ್ಟಿದೆಯೇನೇ ನಿಂಗೆ? ಬೆಂಡೆ ಯಾರು ಕೀಳ್ತಾರೆ, ನಿಮ್ಮತ್ತೆನಾ?"

"ಭಾವನ ಕೈಲಿ ಕೀಳ್ಸು. ನಲವತ್ತು ವರ್ಷ ರೈಲಿಗೆ ಬಾವುಟ ಬೀಸಿದ ಕೈ. ಇನ್ನಾದ್ರೂ ಏನಾದ್ರೂ ಕೆಲಸ ಕಲೀಲಿ."

ರೈಲ್ವೆ ಗಾರ್ಡ್ ಆಗಿ ನಿವೃತ್ತನಾಗಿದ್ದ ಜೆಲಾಲ್ ಹಿಪ್ಪುನೇರಳೆ ಮರದ ಕೆಳಗೆ ಕೂತಲ್ಲಿಂದಲೇ, "ಕೇಳಿಸ್ತಿದೆ," ಅಂದ. ಎಲ್ಲರೂ ನಕ್ಕರು.

"ಹುಡುಗಿ ಯಾರೇ?" ಮುಬೆಜ್ಜೆಲ್ ಕೇಳಿದಳು.

"ಸಾಮ್ಸುನ್ ಕಡೆಯವಳು. ನಮ್ಮನೆಯವರಿಗೆ ಗುರುತು. ನೀನು ಹೊಲಿಯೋ ಸೂರ್ಯಕಾಂತಿ ಹೂವೇ ಬೇಕಂತೆ."

ಮುಬೆಜ್ಜೆಲ್ ಮತ್ತೆ ಕೇಳಲಿಲ್ಲ. ಸಾದೆತ್‌ಳನ್ನು ಯಾವತ್ತು ತಾನೇ ಕೆದಕಿ ಕೇಳಿದ್ದಳು? ತಾಯಿ ಸತ್ತಾಗ ಸಾದೆತ್‌ಗೆ ಆರು, ಮುಬೆಜ್ಜೆಲ್‌ಗೆ ಹದಿನಾಲ್ಕು. ತಂಗಿಯ ತಲೆಹೇನು ತೆಗೆದದ್ದು, ಚಳಿಗಾಲದಲ್ಲಿ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟದ್ದು, ಮದುವೆಯ ದಿನ ಸೊಂಟಕ್ಕೆ ಮದುಮಗಳ ಕೆಂಪು ಪಟ್ಟಿ ಕಟ್ಟಿ ಕಳಿಸಿದ್ದು ಎಲ್ಲ ಅವಳೇ.

ಮಂಗಳವಾರ ಉಣ್ಣೆಯನ್ನು ಅಂಗಳದಲ್ಲಿ ಹರಡಿ, ಕೋಲಿನಿಂದ ಬಡಿದು, ಹಿಂಜಿ, ಚೀಲದಂತೆ ಹೊಲಿದ ಬಟ್ಟೆಯೊಳಗೆ ತುಂಬಿದ್ದಾಯಿತು. ಇನ್ನು ಮೇಲಿನ ಹೊಲಿಗೆ. ಮಗಳು ಬೆರ್ರಿನ್ ಸೀಮೆಸುಣ್ಣ ಹಿಡಿದು ನಡುವೆ ಸೂರ್ಯಕಾಂತಿ ಬರೆದಳು. ಆ ವಾರ ಸ್ಯಾಟಿನ್ ಮುಟ್ಟುವ ಹಕ್ಕು ಅವಳದು. ತಾಯಿಯ ಕೈ ಬೆಂಡೆಗೆ ಹೋಗಿತ್ತು.

ಬೆರ್ರಿನ್‌ಗೆ ಇಪ್ಪತ್ತಮೂರು. ಬಲಗೈಯಲ್ಲಿ ನಿಶ್ಚಿತಾರ್ಥದ ಉಂಗುರವಿತ್ತು, ಎರಡು ವರ್ಷದಿಂದ. ಹುಡುಗ ಇಲ್ಕೆರ್ ಇದೇ ಊರಿನವನು, ಸಾಮ್ಸುನ್ ಬಂದರಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಮನೆ ಸಿಕ್ಕ ಕೂಡಲೇ ಮದುವೆ ಎಂದಿದ್ದ. ಮನೆ ಸಿಕ್ಕಿರಲಿಲ್ಲ. ಮೊದಲು ವಾರಕ್ಕೊಂದು ಬರುತ್ತಿದ್ದ ಪತ್ರ ಈಗ ತಿಂಗಳಿಗೊಂದಾಗಿತ್ತು. ಬಂದರಿನ ಕೆಲಸ ಅಂದರೆ ಸುಮ್ಮನೆಯೇ, ಬರೆಯಲು ಬಿಡುವೆಲ್ಲಿ ಎಂದು ಬೆರ್ರಿನ್ ತಾನೇ ಅವನ ಪರವಾಗಿ ಹೇಳುತ್ತಿದ್ದಳು.

ಬುಧವಾರ ಸಾದೆತ್ ಮತ್ತೆ ಬಂದಳು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದವಳು ತಾನೂ ಸೂಜಿ ತೆಗೆದುಕೊಂಡು ಬೆರ್ರಿನ್ ಪಕ್ಕ ಕೂತಳು. ಎರಡು ದಳ ಹೊಲಿದಳು.

"ಚಿಕ್ಕಮ್ಮ, ನಿಂದು ಹೊಲಿಗೇನಾ, ಕೋಳಿ ನಡೆದ ಗುರುತಾ?" ಬೆರ್ರಿನ್ ಅಂದಳು.

"ಸುಮ್ನಿರೇ. ನಿನ್ನ ರಜಾಯಿಗೆ ನೋಡು ಹೇಗೆ ಹೊಲೀತೀನಿ ಅಂತ. ನೀಲಿ ಬಟ್ಟೆಗೆ ಬೆಳ್ಳಿ ದಾರ. ಅದನ್ನ ಹೊದ್ದರೆ ನಿನ್ನ ಗಂಡ ಮಧ್ಯಾಹ್ನದವರೆಗೆ ಏಳಲ್ಲ."

"ಥೂ, ಚಿಕ್ಕಮ್ಮಾ!" ಬೆರ್ರಿನ್ ಕಿವಿಯವರೆಗೂ ಕೆಂಪಾದಳು. ಅಡುಗೆಮನೆಯಲ್ಲಿ ಒಣಗಿಸಲು ಬೆಂಡೆಯನ್ನು ದಾರಕ್ಕೆ ಪೋಣಿಸುತ್ತಿದ್ದ ಮುಬೆಜ್ಜೆಲ್‌ಗೆ ಇಬ್ಬರ ನಗು ಕೇಳಿಸಿತು. ಮನಸ್ಸು ತಂಪಾಯಿತು.

ಜೆಲಾಲ್ ಮಾತ್ರ ಮಂಗಳವಾರ ಸಂಜೆಯಿಂದ ಸರಿಯಿರಲಿಲ್ಲ. ಕಾಫಿ ಅಂಗಡಿಯಿಂದ ಬೇಗ ಬಂದಿದ್ದ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ. ಹೊಟ್ಟೆ ಕೆಟ್ಟಿರಬೇಕೆಂದು ಮುಬೆಜ್ಜೆಲ್ ಪುದೀನ ಕುದಿಸಿ ಕೊಟ್ಟಳು. ಕುಡಿದ. ಗುರುವಾರ ಯಾರೂ ಹೇಳದೆ ತಾನೇ ಬುಟ್ಟಿ ಹಿಡಿದು ಬೆಂಡೆ ಸಾಲಿಗೆ ಹೋದ. ಇದೇನು ಹೊಸದು ಎಂದು ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬರುವಾಗ ಅವನ ಹೆಗಲ ಮೇಲೆ ಎರಡನೆಯ ಮೂಟೆಯಿತ್ತು. "ದಿಂಬಿಗೆ. ಸಾದೆತ್ ಮನೆಯಿಂದ," ಎಂದು ಅಂಗಳದಲ್ಲಿ ಇಳಿಸಿ ಕೈಕಾಲು ತೊಳೆಯಲು ಹೋದ.

ಮುಬೆಜ್ಜೆಲ್ ಮೂಟೆ ಬಿಚ್ಚಿದಳು. ಯಾವುದೋ ಹಾಸಿಗೆಯಿಂದ ತೆಗೆದು ತೊಳೆದ ಉಣ್ಣೆ, ಒಳ್ಳೆಯದೇ. ಕೈ ಹಾಕಿ ಎಳೆದಾಗ ಬಿಳಿಯ ನಡುವೆ ಕಂದು ಎಳೆಗಳು ಬಂದವು. ಇನ್ನೊಂದು ಹಿಡಿ ತೆಗೆದಳು. ಅದರಲ್ಲೂ ಕಂದು.

ಅದು ಅವಳ ತಾಯಿ ಸಾಕಿದ್ದ ಕಂದು ಕುರಿಯ ಉಣ್ಣೆ. ಎರಡು ವರ್ಷದ ಹಿಂದೆ, ನಿಶ್ಚಿತಾರ್ಥವಾದ ಹೊಸತರಲ್ಲಿ, ಮದುಮಕ್ಕಳ ಹಾಸಿಗೆಗೆ ಉಣ್ಣೆ ಸಾಲದು ಎಂದು ಇಲ್ಕೆರ್‌ನ ತಾಯಿ ಪೇಚಾಡಿಕೊಂಡಿದ್ದಳು. ಪೆಟ್ಟಿಗೆಯ ತಳದಲ್ಲಿ ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದುದನ್ನು ಮುಬೆಜ್ಜೆಲ್ ತೆಗೆದು, ತನ್ನ ಕೈಯಾರೆ ಬಿಳಿಯದರ ಜೊತೆ ಬೆರೆಸಿ ಆ ಹಾಸಿಗೆ ತುಂಬಿ ಹೊಲಿದು ಕೊಟ್ಟಿದ್ದಳು. ಅಜ್ಜಿಯ ಉಣ್ಣೆ ಮೊಮ್ಮಗಳ ಬೆನ್ನಿಗೆ ಬೆಚ್ಚಗಿರಲಿ ಎಂದು.

ಜೆಲಾಲ್ ಕೈ ಒರೆಸಿಕೊಳ್ಳುತ್ತಾ ಬಂದ. ಅವಳು ಮೂಟೆಯ ಪಕ್ಕದಲ್ಲೇ ಕೂತಿದ್ದಳು.

"ಈ ಮೂಟೆ ಎಲ್ಲಿಂದ ತಂದೆ?"

"ಹೇಳಿದ್ನಲ್ಲ, ಸಾದೆತ್ ಮನೆಯಿಂದ."

"ಈ ಉಣ್ಣೆ ಸಾದೆತ್ ಮನೇಲಿ ಇರೋದಲ್ಲ, ಜೆಲಾಲ್. ಇದನ್ನ ನಾನೇ ಇಲ್ಕೆರ್ ಹಾಸಿಗೆಗೆ ತುಂಬಿದ್ದೆ."

ಜೆಲಾಲ್ ಟೋಪಿ ತೆಗೆದ. ಅದರೊಳಗೆ ಏನೋ ಬರೆದಿದೆ ಎನ್ನುವಂತೆ ನೋಡುತ್ತಾ ನಿಂತ.

"ಮದುವೆ ಇಲ್ಕೆರ್‌ದು," ಅಂದ ಕೊನೆಗೆ. "ಭಾನುವಾರ. ಹುಡುಗಿ ಸಾದೆತ್ ಗಂಡನ ಅಣ್ಣನ ಮಗಳು. ಸಾಮ್ಸುನ್‌ನಲ್ಲಿ ಇರೋಳು. ಮಾತುಕತೆಗೆ ಓಡಾಡಿದ್ದೂ ಸಾದೆತ್ತೇ ಅಂತೆ. ಈ ಉಣ್ಣೆ ಅವನ ತಾಯಿ ದಿಂಬಿಗೆ ಅಂತ ಅಲ್ಲಿಗೆ ಕಳಿಸಿದ್ದಂತೆ."

"ನಿಂಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ. ಕಾಫಿ ಅಂಗಡೀಲಿ."

"ಮಂಗಳವಾರ," ಅವಳು ಅಂದಳು. "ಮಂಗಳವಾರದಿಂದ ನಮ್ಮಿಬ್ಬರ ಎದುರು ಕೂತು ಊಟ ಮಾಡ್ತಿದ್ದೀಯ."

"ಬಾಯಿ ಬರಲಿಲ್ಲ ಮುಬೆಜ್ಜೆಲ್. ಮಗು ಹಾಡ್ಕೊಂಡು ಹೊಲೀತಾ ಇತ್ತು. ಹೇಗೆ ಹೇಳ್ಲಿ?"

"ಹೇಳೋಕೆ ಬಾಯಿ ಬರಲಿಲ್ಲ. ಮೂಟೆ ಹೊತ್ಕೊಂಡು ಬರೋಕೆ ಹೆಗಲು ಬಂತು."

ಅವಳಿಗೆ ಅವನ ಮೇಲೆ ಕೂಗಾಡಬೇಕು ಅನ್ನಿಸಿತು, ಆದರೆ ಕೈಯಲ್ಲಿದ್ದ ಉಣ್ಣೆಯನ್ನು ಮೂಟೆಗೆ ಹಾಕಿ ಎದ್ದಳು. ಇಲ್ಕೆರ್ ಪರರ ಮನೆಯ ಹುಡುಗ. ಹೋದ ಅಂದರೆ ಹೋದ. ಆದರೆ ತಾನು ಎತ್ತಿ ಬೆಳೆಸಿದ ತಂಗಿ, ಮೂವತ್ತು ವರ್ಷ ಒಂದೇ ರಜಾಯಿ ಹೊದ್ದು ಮಲಗಿದ ಗಂಡ? ಊರಿಗೆಲ್ಲ ಗೊತ್ತಿದ್ದದ್ದು ತನ್ನ ಅಂಗಳಕ್ಕೆ ಮಾತ್ರ ಬಾರದಂತೆ ಇಬ್ಬರೂ ಬಾಗಿಲು ಕಾದಿದ್ದರು.

ಒಳಗೆ ಬೆರ್ರಿನ್ ರಜಾಯಿಯ ಮೇಲೆ ಬಗ್ಗಿ ಕೊನೆಯ ಮೂಲೆ ಹೊಲಿಯುತ್ತಿದ್ದಳು.

"ಸೂಜಿ ಕೆಳಗಿಡು ಮಗಳೇ."

"ಇದೊಂದು ಮೂಲೆ ಅಮ್ಮ. ಮುಗಿದೇ ಹೋಯ್ತು."

"ಇಡು."

ತಾಯಿಯ ದನಿಗೆ ಅವಳು ತಲೆಯೆತ್ತಿದಳು. ಮುಬೆಜ್ಜೆಲ್ ಎದುರಿಗೆ ಕೂತು, ಸುತ್ತು ಬಳಸದೆ, ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದಳು. ಬೆರ್ರಿನ್ ಕೇಳಿಸಿಕೊಂಡಳು. ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದು, ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಚಿಕ್ಕಮ್ಮನಿಗೆ ಬುಧವಾರಾನೂ ಗೊತ್ತಿತ್ತಾ?"

"ಬುಧವಾರಾನೂ ಗೊತ್ತಿತ್ತು."

ಇಲ್ಕೆರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಳು ಬರಲಿಲ್ಲ. ಮುಬೆಜ್ಜೆಲ್ ಚಿಕ್ಕ ಕತ್ತರಿ ತೆಗೆದುಕೊಂಡು ರಜಾಯಿಯನ್ನು ತನ್ನೆಡೆಗೆ ಎಳೆದಾಗ ಬೆರ್ರಿನ್ ಅವಳ ಮಣಿಕಟ್ಟು ಹಿಡಿದಳು.

"ಬೇಡ. ನಿನ್ನ ಬೆರಳು ಒರಟು. ಬಟ್ಟೆ ಹಾಳಾಗುತ್ತೆ. ನನ್ನ ಹೊಲಿಗೆ ನಾನೇ ಬಿಚ್ತೀನಿ."

ನಾಲ್ಕು ದಿನದ ಕೆಲಸ ಬಿಚ್ಚಲು ಕತ್ತಲಾಗುವವರೆಗೆ ಹಿಡಿಯಿತು. ಒಂದೊಂದು ದಳವನ್ನೂ ಕತ್ತರಿಯ ತುದಿಯಿಂದ ಎತ್ತಿ, ಕತ್ತರಿಸಿ, ದಾರ ಎಳೆದು ಪಕ್ಕಕ್ಕಿಡುತ್ತಾ ಹೋದಳು. ಸಾದೆತ್ ಹೊಲಿದ ಎರಡು ದಳ ಬಂದಾಗ ಕೈ ನಿಂತಿತು. "ಇವೆರಡು ನೀನು ಬಿಚ್ಚಮ್ಮ," ಅಂದಳು. ಆಗ ಅವಳಿಗೆ ಅಳು ಬಂತು. ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು, ಆ ಎರಡು ದಳಗಳನ್ನು ಒರಟು ಬೆರಳಿನಲ್ಲೇ ಬಿಚ್ಚಿದಳು. ಸ್ಯಾಟಿನ್ನಿನ ಎಳೆ ಅಲ್ಲಲ್ಲಿ ಕಿತ್ತು ಬಂತು. ಬಂದರೆ ಬರಲಿ ಎಂದುಕೊಂಡಳು.

ಶನಿವಾರ ಬೆಳಗ್ಗೆ ಸಾದೆತ್ ಬಂದಳು. ಒಂದು ಕೈಯಲ್ಲಿ ಪಾಲಕ್ ತುಂಬಿ ಬೇಯಿಸಿದ ಬೋರೆಕ್ ರೊಟ್ಟಿಯ ತಟ್ಟೆ, ಇನ್ನೊಂದರಲ್ಲಿ ರಜಾಯಿ ಸುತ್ತಿಕೊಂಡು ಹೋಗಲು ಬಿಳಿ ಚಾದರ. "ಅಕ್ಕಾ, ಮುಗೀತಾ?" ಎನ್ನುತ್ತಲೇ ಒಳಗೆ ಕಾಲಿಟ್ಟವಳು ನಿಂತುಬಿಟ್ಟಳು. ದಿವಾನದ ಮೇಲೆ ಮಡಿಸಿದ ಸ್ಯಾಟಿನ್ ಇತ್ತು, ಅದರ ಮೇಲೆ ಅಸ್ತರು, ಪಕ್ಕದಲ್ಲಿ ಎರಡು ಮೂಟೆ. ಸ್ಯಾಟಿನ್ ಸೂಜಿಯ ತೂತನ್ನು ಮರೆಯುವುದಿಲ್ಲ. ಕಿಟಕಿಯ ಬೆಳಕು ಬಿದ್ದಲ್ಲಿ ಇಡೀ ಸೂರ್ಯಕಾಂತಿ ತೂತು ತೂತಾಗಿ ಕಾಣುತ್ತಿತ್ತು.

"ಅಯ್ಯೋ ದೇವರೇ, ಏನಿದು? ನಾಳೆ ಮದುವೆ!"

"ಯಾರ ಮದುವೆ ಸಾದೆತ್? ಒಂದು ಹೆಸರು ಹೇಳು. ವಾರವೆಲ್ಲ ಹೆಸರಿಲ್ಲದ ಹುಡುಗಿಗೆ ಹೊಲಿದ್ವಿ."

ಸಾದೆತ್ ತಟ್ಟೆಯನ್ನು ನೆಲದ ಮೇಲಿಟ್ಟಳು. ಚಾದರವನ್ನು ಎದೆಗೆ ಅವುಚಿಕೊಂಡಳು.

"ಅವನೇ ಹೋಗಿ ಆ ಹುಡುಗೀನ ಮೆಚ್ಚಿದ್ದು ಅಕ್ಕಾ. ನಾನಿಲ್ಲದಿದ್ರೂ ಆಗ್ತಿತ್ತು. ಊರಿನ ಹುಡುಗ, ನೀನೇ ಅವರಮ್ಮನ ಹತ್ರ ಮಾತಾಡು ಅಂತ ನಮ್ಮನೆಯವರ ಅಣ್ಣ ಅಂದ್ರು. ಹದಿನೆಂಟು ವರ್ಷದಿಂದ ಆ ಮನೇಲಿ ನಾನು ಮಗು ಹೆರದ ಸೊಸೆ. ಯಾರೂ ನನ್ನ ಒಂದು ಮಾತು ಕೇಳಿದ್ದಿಲ್ಲ. ಮೊದಲನೇ ಸಲ ಪಕ್ಕ ಕೂರಿಸ್ಕೊಂಡು ಕೇಳಿದ್ರು. ನಾನು... ನನ್ನ ಕೈಲಿ ಇಲ್ಲ ಅನ್ನೋಕಾಗ್ಲಿಲ್ಲ."

"ಆಯ್ತು. ಅಷ್ಟನ್ನ ನಾನು ನುಂಗ್ಕೋತಿದ್ನೋ ಏನೋ. ಆದ್ರೆ ರಜಾಯಿ ಯಾಕೆ ಇಲ್ಲಿಗೆ ತಂದೆ? ಊರಲ್ಲಿ ಬೇರೆ ಸೂಜಿ ಇರಲಿಲ್ವಾ?"

"ಅವಳು ಹಟ ಹಿಡಿದ್ಲು. ಯಾರ ಮನೇಲೋ ನಿನ್ನ ಕೆಲಸ ನೋಡಿದ್ಲಂತೆ. ಮದುವೆ ಆದ್ಮೇಲೆ ನಿಂಗೆ ಹೇಳೋಣ ಅಂದ್ಕೊಂಡಿದ್ದೆ, ನಿಧಾನವಾಗಿ..."

"ಬುಧವಾರ ಪಕ್ಕ ಕೂತು ನನ್ನ ರಜಾಯಿಗೆ ಬಣ್ಣ ಹೇಳಿದ್ಯಲ್ಲ ಚಿಕ್ಕಮ್ಮ," ಬೆರ್ರಿನ್ ಒಳಬಾಗಿಲಲ್ಲಿ ನಿಂತಿದ್ದಳು. "ನೀಲಿ ಅಂದೆ. ಯಾಕೆ ಹಾಗಂದೆ?"

"ನಂಗೇ ಗೊತ್ತಿಲ್ಲ ಕಂದ. ಸುಮ್ನೆ ಕೂರೋಕೆ ಭಯ ಆಯ್ತು."

ಬೆರ್ರಿನ್ ಉಂಗುರ ಕಳಚಿ ಚಿಕ್ಕಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಇದನ್ನ ಅವನಿಗೆ ನೀನೇ ಕೊಡು. ಓಡಾಡಿ ಅಭ್ಯಾಸ ಇದೆಯಲ್ಲ."

ಮುಬೆಜ್ಜೆಲ್ ಮೂಟೆಗಳನ್ನು ಬಾಗಿಲಿಗೆ ತಳ್ಳಿದಳು. "ಎಣಿಸಿ ನೋಡ್ಕೋ ಬೇಕಾದ್ರೆ. ಬಟ್ಟೆ, ಅಸ್ತರು, ಬಿಳಿ ಉಣ್ಣೆ ಎಲ್ಲ ಇದೆ. ಕಂದು ಬಣ್ಣದ್ದು ಮಾತ್ರ ಬೆಳಗ್ಗೆ ಎದ್ದು ಆರಿಸಿ ತೆಗೆದಿದ್ದೀನಿ. ಅದು ನಮ್ಮಮ್ಮಂದು."

"ನಂಗೂ ಅಮ್ಮನೇ ಅಲ್ವಾ ಅಕ್ಕಾ?" ಸಾದೆತ್ ದನಿ ಒಡೆಯಿತು.

"ಅದು ನಿಂಗೆ ಈಗ ನೆನಪಾಯ್ತಾ?" ಅಂದಳು ಮುಬೆಜ್ಜೆಲ್.

ಮದುವೆ ನಡೆಯಿತು. ಅಂಗಡಿಯಿಂದ ತಂದ ಮಿಷನ್ ಹೊಲಿಗೆಯ ರಜಾಯಿ ಹೊತ್ತ ಗಾಡಿ ಸೇತುವೆಯ ಮೇಲೆ ಹಾರ್ನ್ ಹೊಡೆಯುತ್ತಾ ಹೋದದ್ದು ಹಿತ್ತಲಿನವರೆಗೂ ಕೇಳಿಸಿತು. ಬೆರ್ರಿನ್ ಟೊಮೇಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದಳು; ಗಂಟು ಹಾಕುತ್ತಲೇ ಇದ್ದಳು. ಗಂಡನ ಮನೆಯಲ್ಲಿ ಸಾದೆತ್‌ಗೆ ಬಂದಿದ್ದ ಮರ್ಯಾದೆ ಹಾಳಾದ ಸ್ಯಾಟಿನ್ ಜೊತೆಗೇ ಹೋಯಿತೆಂದು ಜನ ಆಡಿಕೊಂಡರು. ಕೆಲಸ ಕೆಡಿಸಿದವಳೆಂದು ಗಂಡನ ಅಣ್ಣ ಎಲ್ಲರೆದುರು ಬೈದನಂತೆ.

ಜೆಲಾಲ್‌ನನ್ನು ಮುಬೆಜ್ಜೆಲ್ ಬಿಡಲಿಲ್ಲ, ಮೊದಲಿನಂತೆ ಕೂಡಿಕೊಳ್ಳಲೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು. ಅವನು ದಿನವೂ ಬೆಂಡೆ ಕಿತ್ತು ತಂದು, ದಪ್ಪ ಬೆರಳಲ್ಲಿ ಸೂಜಿ ಹಿಡಿದು ಪೋಣಿಸಲು ಕಲಿತ. ಅರ್ಧ ಕಾಯಿ ಸೀಳಿಹೋಗುತ್ತಿದ್ದವು. ಮುಂಚಿನಂತಿದ್ದರೆ ಅವಳು ನಕ್ಕು ಹಂಗಿಸುತ್ತಿದ್ದಳು. ಈಗ ಸೀಳಿದವನ್ನು ಆರಿಸಿ ಸಾರಿಗೆ ಹಾಕುತ್ತಿದ್ದಳು, ಅಷ್ಟೆ.

ಬೇಸಿಗೆ ಮುಗಿಯುವ ಹೊತ್ತಿಗೆ ಬೆರ್ರಿನ್ ತಾನೇ ಕೆಲಸ ಹಿಡಿಯತೊಡಗಿದಳು. ಬಟ್ಟೆ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಹುಡುಗಿಯ ಹೆಸರು, ಹುಡುಗನ ಹೆಸರು, ಇಬ್ಬರ ಮನೆಯ ಹೆಸರು ಕೇಳುತ್ತಿದ್ದಳು. ಪೊಲೀಸ್ ಠಾಣೆಯಲ್ಲೂ ಇಷ್ಟು ಕೇಳಲ್ಲ ಎಂದು ಒಬ್ಬಾಕೆ ಗೊಣಗಿದಾಗ, "ಹಾಗಾದ್ರೆ ಠಾಣೇಲೇ ಹೊಲಿಸ್ಕೊಳ್ಳಿ," ಅಂದಳು. ಆ ದಿನ ಮುಬೆಜ್ಜೆಲ್ ಬಹಳ ದಿನಗಳ ಮೇಲೆ ನಕ್ಕಳು.

ಮೆಣಸಿನಕಾಯಿ ಕೆಂಪಾಗಿ, ಬೀದಿಯ ಹೆಂಗಸರೆಲ್ಲ ಚಳಿಗಾಲಕ್ಕೆ ಅರೆದು ಒಣಗಿಸುವ ಕಾಲದಲ್ಲಿ ಸಾದೆತ್ ಬಂದಳು. ತೆಳ್ಳಗಾಗಿದ್ದಳು. ತೋಳು ಮಡಿಸಿಕೊಂಡು ನೇರ ಅಂಗಳದ ಕಡೆಗೆ, ಮೆಣಸಿನಕಾಯಿ ರಾಶಿಯ ಕಡೆಗೆ ಹೊರಟವಳನ್ನು ಮುಬೆಜ್ಜೆಲ್ ತಡೆದಳು.

"ಇತ್ತ ಬನ್ನಿ, ಕೂತ್ಕೊಳ್ಳಿ," ಅಂದಳು, ನೆಂಟರ ಕೋಣೆಯ ಬಾಗಿಲು ತೆಗೆಯುತ್ತಾ.

ಸಾದೆತ್ ಕುರ್ಚಿಯ ತುದಿಯಲ್ಲಿ ಕೂತಳು. ಮುಬೆಜ್ಜೆಲ್ ಗಾಜಿನ ಬೀರುವಿನಿಂದ ಚಿನ್ನದಂಚಿನ ಬಟ್ಟಲು ತೆಗೆದು ಕಾಫಿ ಮಾಡಿ, ತಟ್ಟೆಯಲ್ಲಿ ನೀರು, ಒಂದು ಚೂರು ಮಿಠಾಯಿ ಇಟ್ಟು ತಂದು ಮುಂದೆ ಹಿಡಿದಳು.

"ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳೋದು ಮರೆತೆ. ಸರಿಯಾಗಿದೆಯಾ?"

"ಅಕ್ಕಾ," ಸಾದೆತ್ ಅಳುತ್ತಾ ಅಂದಳು, "ಬೈಯಿ. ಎರಡು ಹೊಡಿ. ಹೀಗೆ ಮಾತ್ರ ಮಾಡಬೇಡ."

ಮುಬೆಜ್ಜೆಲ್ ಎದುರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಂದವರು ಕಾಫಿ ಕುಡಿದು ಮುಗಿಸುವುದನ್ನು ಕಾದಳು.