ವೀರಮ್ಮನ ಮಂಡಿ ಎಣ್ಣೆ

ಶಿವಮೊಗ್ಗದ ವಿನೋಬನಗರದಲ್ಲಿ ಮಂಡಿ ಹಿಡಿದುಕೊಂಡು ನಡೆಯುವವರ ಹಿಂದೆ ನಾಲ್ಕು ಹೆಜ್ಜೆ ಹೋದರೆ ಸಾಕು, ವೀರಮ್ಮನ ಎಣ್ಣೆ ಮೂಗಿಗೆ ಹೊಡೆಯುತ್ತದೆ. ತುಂಗಾ ಚಾನೆಲ್ ಪಕ್ಕದ ಲಕ್ಕಿ ಸೊಪ್ಪನ್ನು ಜಜ್ಜಿ, ಹರಳೆಣ್ಣೆ ಎಳ್ಳೆಣ್ಣೆ ಎರಡನ್ನೂ ಬೆರೆಸಿ ಕುದಿಸಿ, ಬೆಳ್ಳುಳ್ಳಿ, ಓಂಕಾಳು ಹಾಕಿ, ಒಲೆಯಿಂದ ಇಳಿಸಿದ ಮೇಲೆ ಕರ್ಪೂರ ಉದುರಿಸುವ ಎಣ್ಣೆ ಅದು. ಕಾಯಿಸುವ ದಿನ ಬೀದಿನಾಯಿಗಳೂ ಆ ಮನೆಯ ಮುಂದೆ ಮಲಗುವುದಿಲ್ಲ. ವೀರಮ್ಮ ಅದಕ್ಕೆ ಎಂದೂ ದುಡ್ಡು ಮುಟ್ಟಿದವಳಲ್ಲ. ಹೊಗಳಿಕೆಯನ್ನು ಮಾತ್ರ ಬಿಡದೆ ವಸೂಲಿ ಮಾಡುತ್ತಿದ್ದಳು.

ಸೋಮವಾರ ಮಧ್ಯಾಹ್ನ ಅವಳ ವರಾಂಡದಲ್ಲಿ ದರ್ಬಾರು. ಕೆಮ್ಮಿನ ಔಷಧಿಯ ಖಾಲಿ ಬಾಟಲಿ ಹಿಡಿದು ಜನ ಬರುತ್ತಿದ್ದರು. "ಹೆಂಗಿದೆ ಕಾಲು?" ಎಂದು ವೀರಮ್ಮ ಕೇಳುತ್ತಿದ್ದಳು. ಅದು ಪ್ರಶ್ನೆಯಲ್ಲ, ಅಪ್ಪಣೆ. ರಿಟೈರಾದ ಮೇಷ್ಟ್ರು ಷಡಕ್ಷರಪ್ಪ "ಎಷ್ಟೋ ವಾಸಿ ವೀರಮ್ಮ, ನಿನ್ನೆ ಮಹಡಿ ಹತ್ತಿ ಇಳಿದೆ" ಎನ್ನುತ್ತಿದ್ದರು. ಅವರ ಮನೆಗೆ ಮಹಡಿಯೇ ಇಲ್ಲ. ಗುಡಿಯ ಮುಂದೆ ಹೂವು ಮಾರುವ ಹುಲಿಗೆಮ್ಮ "ನಿಮ್ ಕೈಗುಣ ಅಮ್ಮ" ಎಂದು ಕೈ ಮುಗಿಯುತ್ತಿದ್ದಳು. ವೀರಮ್ಮ ಎರಡನ್ನೂ ನಂಬುತ್ತಿದ್ದಳು.

ಎಣ್ಣೆ ಹುಟ್ಟಿದ್ದು ಗಂಡ ಮೂರ್ತಪ್ಪನಿಗಾಗಿ. ಅವನ ಮಂಡಿಗೆ ಅವಳು ದಿನಾ ಸಂಜೆ ತಿಕ್ಕುತ್ತಿದ್ದಳು. ತಿಕ್ಕಿ ಮುಗಿಸುವಷ್ಟರಲ್ಲಿ ಅವನು "ಹೋಯ್ತು ಕಣೆ ನೋವು" ಎಂದು ಮಡಚಿದ ಪಂಚೆ ಇಳಿಬಿಡುತ್ತಿದ್ದ. ಅವನು ಲಿಂಗೈಕ್ಯನಾಗಿ ವರ್ಷಗಳಾದರೂ ಆ ಮಾತೇ ಅವಳ ಪಾಲಿನ ಸರ್ಟಿಫಿಕೇಟು. "ನಮ್ಮನೆಯೋರು ಸುಳ್ಳು ಹೇಳೋ ಜನ ಅಲ್ಲ" ಎಂದು ಹೊಸಬರಿಗೆಲ್ಲ ಹೇಳಿಯೇ ಬಾಟಲಿ ತುಂಬುತ್ತಿದ್ದಳು.

ಈಗ ಬಂದ ಕಷ್ಟವೆಂದರೆ, ಎಣ್ಣೆಯ ಒಡತಿಗೇ ಮಂಡಿಗಳು ಕೈಕೊಟ್ಟಿದ್ದವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. "ನಾನು ಈಗಲೂ ಚಕ್ಕಳಮಕ್ಕಳ ಹಾಕ್ಕೊಂಡೇ ಲಿಂಗಪೂಜೆ ಮಾಡೋದು" ಎಂದು ಊರಿಗೆಲ್ಲ ಸಾರಿದವಳು, ವರ್ಷದಿಂದ ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುತ್ತಿದ್ದಳು. ಶಿವ ಕುರ್ಚಿ ನೋಡುವುದಿಲ್ಲ, ವಿನೋಬನಗರದವರು ನೋಡುತ್ತಾರೆ ಎಂಬುದು ಅವಳ ಸಿದ್ಧಾಂತ. ಮಗ ಸೊಸೆಗೂ ಸುದ್ದಿ ಬಿಟ್ಟುಕೊಟ್ಟಿರಲಿಲ್ಲ. ಮಂಡಿ ಹೋದರೆ ಹೋಗಲಿ, ಎಣ್ಣೆಯ ಹೆಸರು ಹೋದರೆ ಸೋಮವಾರ ತನ್ನ ವರಾಂಡಕ್ಕೆ ಯಾರು ಬರುತ್ತಾರೆ ಎಂಬ ಭಯ ಅವಳಿಗೆ ನಿಜವಾಗಿಯೂ ಇತ್ತು. ಆ ಒಂದು ಮಧ್ಯಾಹ್ನಕ್ಕಾಗಿಯೇ ಅವಳು ವಾರವನ್ನು ದೂಡುತ್ತಿದ್ದಳು.

ಕೊನೆಗೆ ಡಾಕ್ಟರಿಗೆ ತೋರಿಸದೆ ವಿಧಿಯಿಲ್ಲವಾಯಿತು. ಶಿವಮೊಗ್ಗದಲ್ಲಿ ಆಗದ ಮಾತು. ನೆಹರೂ ರಸ್ತೆಯಲ್ಲಿ ಸೀನಿದರೆ ವಿನೋಬನಗರದಲ್ಲಿ ಕಷಾಯ ಕಾಯಿಸುವ ಊರು ಅದು. ಹಾಗಾಗಿ ಭದ್ರಾವತಿ. ಅಲ್ಲಿ ಯಶೋಧರಾ ಎಂಬ ಮೂಳೆ ಡಾಕ್ಟರು ಇದ್ದಾರೆಂದು ಹೇಗೋ ತಿಳಿದುಕೊಂಡು, ಫೋನಿನಲ್ಲೇ ನೋವಿನ ವರದಿ ಒಪ್ಪಿಸಿ ಹೆಸರು ಬರೆಸಿದಳು. ಮನೆಯಲ್ಲಿ "ಓರಗಿತ್ತಿ ವಸಂತಮ್ಮನ್ನ ನೋಡ್ಕೊಂಡು ಬರ್ತೀನಿ" ಎಂದಳು. ಕಾಯಿಸಿ ಕಾಯಿಸಿ ಮೈಗೆ ಹತ್ತಿದ ಎಣ್ಣೆ ವಾಸನೆಗೆ ಡಾಕ್ಟರು ಬೈದಾರೆಂದು ಸೀಗೆಪುಡಿ ಹಾಕಿ ಎರಡೂ ಕಾಲನ್ನು ಉಜ್ಜಿ ತೊಳೆದು, ಬಸ್ಸು ಹತ್ತಿದಳು.

ಕ್ಲಿನಿಕ್ಕು ಮೊದಲ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮಂಡಿ ಡಾಕ್ಟರನ್ನು ಮಹಡಿಯ ಮೇಲೆ ಕೂರಿಸಿದವನ ವಂಶವನ್ನೆಲ್ಲ ನೆನೆಯುತ್ತ, ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಹತ್ತಿದಳು. ಅರ್ಧ ಹತ್ತುವಷ್ಟರಲ್ಲಿ ವಾಸನೆ ಬಂತು. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಕರ್ಪೂರ. ತೊಳೆದದ್ದು ಸಾಲದೇನೋ ಎಂದು ಸೆರಗು ಮೂಸಿದಳು. ಸೀಗೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಮೇಲೆ ಹೋದಷ್ಟೂ ಘಾಟು ಜೋರಾಯಿತು.

ಬಾಗಿಲಲ್ಲಿ ನಿಂತು ನೋಡಿದರೆ, ಬೆಂಚಿನ ಮೇಲೆ ಷಡಕ್ಷರಪ್ಪ ಮೇಷ್ಟ್ರು, ಪಕ್ಕದಲ್ಲಿ ಹುಲಿಗೆಮ್ಮ, ಅದರಾಚೆ ಅವಳ ವರಾಂಡದ ಇನ್ನಷ್ಟು ಮುಖಗಳು. ಅವಳ ಇಡೀ ಸೋಮವಾರವೇ ಭದ್ರಾವತಿಗೆ ಬಂದು ಕೂತಿತ್ತು.

ಮೇಷ್ಟ್ರು ಕೈಯಲ್ಲಿದ್ದ ಎಕ್ಸ್‌ರೇ ಕವರನ್ನು ಬೆನ್ನ ಹಿಂದೆ ಸರಿಸಿದರು. "ನಿಮ್ಮ ಎಣ್ಣೆಯಿಂದ ಎಷ್ಟು ವಾಸಿಯಾಗಿದೆ ಅಂತ ಅಳತೆ ಹಾಕಿಸ್ಕೊಂಡು ಹೋಗೋಣ ಅಂತ ಬಂದೆ ವೀರಮ್ಮ" ಎಂದರು.

"ಮೇಷ್ಟ್ರಿಗೆ ದಾರಿ ಗೊತ್ತಿಲ್ಲ ಅಂತ ನಾನು ಜೊತೆಗ್ ಬಂದೆ" ಎಂದಳು ಹುಲಿಗೆಮ್ಮ. ಮೇಷ್ಟ್ರು ಸರ್ವಿಸ್ ಪೂರ್ತಿ ಪಾಠ ಮಾಡಿದ್ದು ಭದ್ರಾವತಿಯಲ್ಲೇ.

ವೀರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು. "ನನ್ನ ಎಣ್ಣೆ ಬಗ್ಗೆ ಕೇಳ್ಕೋಬೇಕು ಅಂತ ಡಾಕ್ಟ್ರು ಹೇಳಿ ಕಳಿಸಿದ್ರು. ಇಲ್ಲ ಅನ್ನೋಕಾಗುತ್ತಾ, ಬಂದೆ."

ಅದೇ ಹೊತ್ತಿಗೆ ಟೇಬಲ್ಲಿನ ಹುಡುಗಿ ತಲೆಯೆತ್ತಿ, ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಧಾಟಿಯಲ್ಲಿ ಹೇಳಿದಳು. "ವೀರಮ್ಮ, ಶಿವಮೊಗ್ಗ. ಎರಡೂ ಮಂಡಿ ನೋವು, ನೆಲದಲ್ಲಿ ಕೂರೋಕಾಗಲ್ಲ, ಒಂದು ವರ್ಷ ಆಯ್ತು. ನೀವೇನಾ ಅಜ್ಜಿ?"

ವೀರಮ್ಮನಿಗೆ ಮೆಟ್ಟಿಲಿಳಿದು ಓಡಿಬಿಡಬೇಕು ಎನ್ನಿಸಿತು. ಓಡುವ ಮಂಡಿ ಇದ್ದಿದ್ದರೆ ಇಲ್ಲಿಗೇಕೆ ಬರುತ್ತಿದ್ದಳು. ಮೊದಲು ನಕ್ಕವಳು ಹುಲಿಗೆಮ್ಮ. ಬಾಯಿಗೆ ಸೆರಗು ಅಡ್ಡ ಹಿಡಿದರೂ ಭುಜ ಕುಲುಕುತ್ತಿತ್ತು.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?" ಎಂದಳು ವೀರಮ್ಮ.

"ಹೋದ ದೀಪಾವಳಿಯಿಂದ ಅಮ್ಮ" ಎಂದಳು ಹುಲಿಗೆಮ್ಮ, ಕಣ್ಣೊರೆಸಿಕೊಳ್ಳುತ್ತ. "ಶಿವಮೊಗ್ಗದಲ್ಲಿ ತೋರಿಸ್ಕೊಂಡ್ರೆ ನಿಮ್ ಕಿವಿಗ್ ಬೀಳ್ತಿತ್ತು. ನೀವ್ ಬೇಜಾರ್ ಮಾಡ್ಕೋತೀರ ಅಂತ ಇಲ್ಲಿಗ್ ಬರ್ತಿದೀವಿ. ದಾರೀಲಿ ಎಲ್ಲಾದ್ರೂ ನೀವ್ ಸಿಕ್ರೆ ಅಂತ ಎಣ್ಣೆ ಹಚ್ಕೊಂಡೇ ಬರ್ತೀವಿ."

"ಹಾಗಾದ್ರೆ ಅಷ್ಟೆಲ್ಲ ಎಣ್ಣೆ ದಂಡ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ದಂಡ ಅನ್ಬೇಡಿ. ತಿಕ್ಕಿದಾಗ ಬೆಚ್ಚಗಿರುತ್ತೆ, ಒಂಚೂರು ನಿದ್ದೆ ಬರುತ್ತೆ. ಮಿಕ್ಕಿದ್ದನ್ನ ಕಿರ್ರೆನ್ನೋ ಗೇಟಿನ ಹಿಂಜಿಗೆ ಬಿಟ್ಟೆ. ಗೇಟು ಪೂರ್ತಿ ವಾಸಿಯಾಯ್ತು."

ಒಂದಿಡೀ ಬೀದಿ ಸೇರಿ ತನ್ನನ್ನು ಮಗುವಿನ ಹಾಗೆ ರಮಿಸಿತ್ತು ಎಂದು ಅವಮಾನದಿಂದ ವೀರಮ್ಮನ ಕಿವಿ ಬಿಸಿಯಾಯಿತು. ಯಾರನ್ನೂ ನೋಡದೆ ಒಳಗೆ ಹೋದಳು.

ಡಾಕ್ಟರು ಮಂಡಿ ಒತ್ತಿ, ಮಡಚಿ, ಬಿಡಿಸಿ ನೋಡಿದರು. "ಕೀಲು ಸವೆದಿದೆ ಅಮ್ಮ. ದಿನಾ ವ್ಯಾಯಾಮ ಮಾಡ್ಬೇಕು, ಹೇಳಿಕೊಡ್ತೀನಿ. ಶಿವಮೊಗ್ಗದಿಂದ ಬರೋರ ಕಾಲೆಲ್ಲ ಒಂದೇ ಎಣ್ಣೆ ವಾಸನೆ. ನಿಮ್ಮದೊಂದೇ ಇಲ್ಲ ನೋಡಿ. ಯಾರು ಮಾಡೋ ಎಣ್ಣೆ ಅದು?"

ಗೊತ್ತಿಲ್ಲ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ನಾನೇ" ಎಂದಳು ವೀರಮ್ಮ.

"ಹೌದಾ? ಮತ್ತೆ ನೀವು ಹಚ್ಕೊಳ್ಳಲ್ವಾ?"

"ನನಗೆ ಹಚ್ಚೋರು ಯಾರಿದಾರೆ ತಾಯಿ" ಎಂಬ ಮಾತು ಅವಳನ್ನು ಕೇಳದೆಯೇ ಬಾಯಿಂದ ಹೊರಬಿತ್ತು. ಅಳು ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಡಾಕ್ಟರು ಅವಳ ಮಂಡಿಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಮೆತ್ತಗೆ ತಿಕ್ಕಿದ್ರೆ ಹಿತ, ನಾನು ಬೇಡ ಅನ್ನಲ್ಲ. ಆದ್ರೆ ಯಾವ ಎಣ್ಣೆನೂ ಸವೆದಿದ್ದನ್ನ ಬೆಳೆಸಲ್ಲ. ತಿಕ್ಕಿದ ತಕ್ಷಣ ನೋವು ಪೂರ್ತಿ ಹೋಯ್ತು ಅಂತ ಯಾರಾದ್ರೂ ಅಂದ್ರೆ, ತಿಕ್ಕಿದೋರ ಮನಸ್ಸಿಗೆ ನೋವಾಗ್ಬಾರ್ದು ಅಂತ ಹೇಳಿರ್ತಾರೆ ಅಷ್ಟೆ."

ವಾಪಸ್ ಬರುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದರು. ಘಾಟಿಗೆ ಕಂಡಕ್ಟರು ಕಿಟಕಿಗಳನ್ನೆಲ್ಲ ತೆರೆಸಿದ. ವೀರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಅವಳ ಕಣ್ಣ ಮುಂದೆ ಮೂರ್ತಪ್ಪನಿದ್ದ. ದಿನಾ ಸಂಜೆ "ಹೋಯ್ತು ಕಣೆ ನೋವು" ಎಂದು ಎದ್ದವನು, ಬಚ್ಚಲಿಗೆ ಹೋಗುವಾಗ ಉದ್ದಕ್ಕೂ ಗೋಡೆ ಹಿಡಿದು ಹೋಗುತ್ತಿದ್ದ. ಅದು ಅವನ ಅಭ್ಯಾಸ ಎಂದೇ ಅವಳು ತಿಳಿದಿದ್ದಳು. ಸಂಸಾರ ಮಾಡಿದಷ್ಟು ಕಾಲವೂ ಕಳ್ಳ ನನಗೆ ಮೋಸಮಾಡಿದ ಎಂದುಕೊಂಡಳು. ಅವನ ಮೇಲೆ ಇಷ್ಟು ಪ್ರೀತಿ ಅವನಿದ್ದಾಗಲೂ ಅವಳಿಗೆ ಬಂದಿರಲಿಲ್ಲ.

ಮುಂದಿನ ಸೋಮವಾರ ಅವಳು ಎಣ್ಣೆ ಕಾಯಿಸಲಿಲ್ಲ. ಯಾರಿಗೆ ಅಂತ ಕಾಯಿಸುವುದು. ದೇವರ ಕೋಣೆಯ ಪ್ಲಾಸ್ಟಿಕ್ ಕುರ್ಚಿಯನ್ನು ವರಾಂಡಕ್ಕೆ ಎಳೆದು ಹಾಕಿ, ಬೀದಿಗೆಲ್ಲ ಕಾಣುವ ಹಾಗೆ ಅದರ ಮೇಲೆ ಕೂತಳು. ಮಧ್ಯಾಹ್ನ ಗೇಟು ಕಿರ್ರೆಂದಿತು. ಬಾಟಲಿ ಹಿಡಿದುಕೊಂಡು ಅಷ್ಟೂ ಜನ ಒಳಗೆ ಬಂದರು. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ಕೂರಿಸಿ, ಡಾಕ್ಟರು ಹೇಳಿಕೊಟ್ಟ ಹಾಗೆ ಕಾಲು ಚಾಚಿ ಮಡಚುವ ಡ್ರಿಲ್ಲು ಶುರುಮಾಡಿದರು. ಹುಲಿಗೆಮ್ಮ ಮಾತ್ರ ಡ್ರಿಲ್ಲಿಗೆ ಹೋಗದೆ ಸ್ಟೂಲು ಎಳೆದುಕೊಂಡು, ವೀರಮ್ಮನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಳೆಯ ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಅಂಗೈಗೆ ಸುರಿದಳು.

ಅವಳಿಗೆ ಮೆತ್ತಗೆ ತಿಕ್ಕುವುದು ಗೊತ್ತಿರಲಿಲ್ಲ. ಹಿತ್ತಾಳೆ ಕೊಡ ಬೆಳಗುವ ಹಾಗೆ ತಿಕ್ಕಿದಳು. ವೀರಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ಸಹಿಸಿಕೊಂಡಳು.

"ಹೆಂಗಿದೆ ಕಾಲು?" ಎಂದು ಹುಲಿಗೆಮ್ಮ ಕೇಳಿದಳು, ಥೇಟ್ ವೀರಮ್ಮನ ಗತ್ತಿನಲ್ಲಿ.

ಮಂಡಿ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು.

"ಹೋಯ್ತು ಕಣೆ ನೋವು" ಎಂದು ವೀರಮ್ಮ ಸೀರೆ ಇಳಿಬಿಟ್ಟಳು.