ಷಡಕ್ಷರಪ್ಪ ಸುತ್ತಿದ ಕೊಳವೆ

"ಸ್ವಲ್ಪ ಬಲಕ್ಕೆ ವಾಲ್ತಿದಾರೆ, ಹಿಡ್ಕೊಳ್ಳಿ ಸರ್," ಎಂದಳು ಪ್ರಿಯದರ್ಶಿನಿ. ಕೊನೆಯ ದರ್ಶನಕ್ಕೆಂದು ಗೋಡೆಗೊರಗಿಸಿ ಕೂರಿಸಿದ್ದ ಷಡಕ್ಷರಪ್ಪನವರ ಹೆಗಲಿಗೆ ಪ್ರೊಫೆಸರ್ ನಾಗೇಶ್ ಕೈ ಕೊಟ್ಟರು. ಅವಳು ಅಪ್ಪನ ಬೆನ್ನಿಗೆ ದಿಂಬು ಸರಿಸಿದಳು.

ನಾಗೇಶರ ಮನೆಯಿದ್ದ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಭದ್ರಾವತಿ ಏನೂ ದೂರವಲ್ಲ. ಆದರೂ ನಾಗೇಶ್ ಈ ಮನೆಗೆ ಬಂದದ್ದು ಇದೇ ಮೊದಲು.

"ಯಜಮಾನ್ರು ಏನ್ ಕೆಲಸದಲ್ಲಿದ್ರಮ್ಮ?" ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಷಡಕ್ಷರಪ್ಪನವರ ಹೆಂಡತಿ ಜಗದಾಂಬಾರನ್ನು ಕೇಳಿದಳು.

"ಕಾಲೇಜ್ ಲ್ಯಾಬಲ್ಲಿ ಗಾಜಿನ ಕೊಳವೆ ಮಾಡ್ತಿದ್ರು. ಈ ಸಾರ್‌ಗೂ ಮಾಡ್ಕೊಟ್ಟಿದಾರೆ. ಅವರಿಗೇ ಗೊತ್ತು."

ಎಲ್ಲರೂ ನಾಗೇಶರ ಕಡೆ ತಿರುಗಿದರು.

"ಒಳ್ಳೆ ಕೆಲಸಗಾರರು," ಎಂದರು ಅವರು.

*

ಷಡಕ್ಷರಪ್ಪ ಲ್ಯಾಬಿನಲ್ಲಿದ್ದ ಕಾಲಕ್ಕೆ ನಾಗೇಶ್ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಕೂದಲೆಳೆಯಷ್ಟು ಸಣ್ಣ ರಂಧ್ರದ ಕೊಳವೆಯಲ್ಲಿ ಅನಿಲ ಹರಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ ಅದರ ಸ್ನಿಗ್ಧತೆಯನ್ನು, ಅಂದರೆ ಹರಿವಿಗೆ ಅದು ಒಡ್ಡುವ ತಡೆಯನ್ನು, ಅಳೆಯುತ್ತಿದ್ದರು. ಉದ್ದನೆಯ ಆ ಕೊಳವೆ ಬಿಸಿನೀರಿನ ತೊಟ್ಟಿಯಲ್ಲಿ ಹಿಡಿಸಲೆಂದು ಷಡಕ್ಷರಪ್ಪ ಅದನ್ನು ಸುರುಳಿ ಸುತ್ತಿಕೊಟ್ಟಿದ್ದರು. ಎರಡು ವರ್ಷವಾದರೂ ಉತ್ತರ ತಪ್ಪೇ ಬಂತು.

"ಗಾಜು ಕಾಯಿಸಿ ಕೊಳವೆ ಎಳೆಯೋಕೇ ಬರಲ್ಲ ನಿನಗೆ," ಎಂದು ನಾಗೇಶ್ ಎಲ್ಲರೆದುರು ಬೈದರು. ಷಡಕ್ಷರಪ್ಪ ಅವರಿಗಿಂತ ಹತ್ತು ವರ್ಷ ದೊಡ್ಡವರು.

ವಾರ ಕಳೆದು ಷಡಕ್ಷರಪ್ಪ ಒಂದು ಹಾಳೆ ತಂದರು. ಅದೇ ಅಳತೆಯ ನೇರ ಕೊಳವೆ ಮಾಡಿ, ಸುರುಳಿಯ ಜೊತೆ ತಾವೇ ಹೋಲಿಸಿದ್ದರು.

"ಸುತ್ತಿನಲ್ಲಿ ಗಾಳಿ ಹೊರಗೋಡೆ ಕಡೆ ತಳ್ಕೊಂಡು ಹೋಗುತ್ತೆ ಸರ್, ಅದಕ್ಕೇ ತಡ. ನಿಧಾನಕ್ಕೆ ಬಿಟ್ರೆ ಎರಡೂ ಒಂದೇ ಬರುತ್ತೆ."

ಆ ಹಾಳೆಯೇ ಪ್ರಬಂಧದ ನಾಲ್ಕನೇ ಅಧ್ಯಾಯವಾಯಿತು. ಕೃತಜ್ಞತೆಯ ಪುಟದಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಷಡಕ್ಷರಪ್ಪನವರದು ಇರಲಿಲ್ಲ.

*

ರುದ್ರಭೂಮಿಯಲ್ಲಿ ನಾಗೇಶ್ ಪ್ರಿಯದರ್ಶಿನಿಯ ಪಕ್ಕಕ್ಕೆ ಬಂದು ನಿಂತರು.

"ನನ್ನ ಥೀಸಿಸ್‌ನಲ್ಲಿ ಒಂದು ಅಧ್ಯಾಯ ನಿಮ್ಮಪ್ಪಂದಮ್ಮ. ಎಲ್ಲೂ ಹೇಳಿಲ್ಲ ನಾನು."

"ಗೊತ್ತು ಸರ್. ಎಂಎಸ್ಸಿ ಓದುವಾಗ ಲೈಬ್ರರಿಲಿ ನೋಡಿದ್ದೆ. ಅಪ್ಪನ ನೋಟ್‌ಬುಕ್ಕಲ್ಲಿದ್ದ ಅಂಕಿಗಳೇ ಇದ್ವು. ನಿಮ್ಮನ್ನ ಕೇಳೇ ಕೇಳ್ತೀನಿ ಅಂತ ಹೊರಟಿದ್ದೆ, ಅಪ್ಪ ಬಿಡಲಿಲ್ಲ."

"ಏನಂದ್ರು?"

"'ಬೇಡ ಮಾರಾಯ್ತಿ, ಪಾಪ ಅವರಿಗೆ ನಾಚಿಕೆ ಆಗುತ್ತೆ' ಅಂದ್ರು."

ನಾಗೇಶರಿಗೆ ಅವಳ ಮುಖ ನೋಡಲಾಗಲಿಲ್ಲ. ಕೆಳಗೆ ನೋಡಿದರು.

ಗುಂಡಿಯಲ್ಲಿ ಷಡಕ್ಷರಪ್ಪ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ. ಬೆರಳ ತುದಿಗಳಲ್ಲಿ ಬೆಂಕಿ ತಾಗಿದ ಹಳೆಯ ಕಲೆಗಳು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ವಿಭೂತಿ ಸುರಿಯತೊಡಗಿದರು. ಮಡಿಲು ತುಂಬಿತು, ಅಂಗೈ ಮುಚ್ಚಿತು. ಆ ಬೆರಳ ತುದಿಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿದ್ದವು.