ಗಾಣದ ಮುಂದೆ ಹೆಡ್‌ಸೆಟ್ಟು

ವಿಮಾನ ಓಡಿಸಲು ಕಲಿಯುತ್ತಿದ್ದ ಸೌಮ್ಯ, ಹಾಡು ಕೇಳುವ ಎರಡು ಸದ್ದಡಗಿಸುವ ಹೆಡ್‌ಫೋನುಗಳಿಗೆ ಮೈಕು ಕಟ್ಟಿ, ವೈರಿನಿಂದ ಜೋಡಿಸಿ, ಪೈಲಟ್ ಹೆಡ್‌ಸೆಟ್ ಮಾಡಿದ್ದಳು. ವಿಮಾನದ ಎಂಜಿನ್ನಿನಂತೆ ಮೊರೆಯುವ ಗಾಣದ ಮುಂದೆ ಪರೀಕ್ಷಿಸಿದ ಮೂರು ಸಲವೂ ಬರೀ ಗದ್ದಲ ಕೇಳಿತ್ತು. ನಾಲ್ಕನೇ ಸಲವೂ ಆತಗೂರಿನ ತಮ್ಮ ಆಲೆಮನೆಗೇ ಬಂದು, ಒಂದನ್ನು ಅಪ್ಪ ಮರಿಸಿದ್ದಯ್ಯನ ತಲೆಗೆ ಹಾಕಿ, ಇನ್ನೊಂದನ್ನು ತಾನು ಹಾಕಿಕೊಂಡಳು.

ಗಾಣ ಮೊರೆಯಿತು. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವೆಂದು ಮನಸ್ಸಿನ ಮಾತನ್ನೆಲ್ಲ ಗಾಣದ ಮುಂದೆ ಗೊಣಗುವುದು ಅಪ್ಪನ ಹಳೇ ಅಭ್ಯಾಸ. ಮೈಕಿರುವುದನ್ನು ಮರೆತು, ಗಾಣಕ್ಕೆ ಕಬ್ಬು ಕೊಡುತ್ತಾ ಗೊಣಗಿದ: "ಇಮಾನ ಕಲಿಯಾಕೆ ಓಗು ಅಂತ ನಾನೇ ಅಂದ್ಬುಟ್ಟೆ. ಮೇಲಿಂದ ಬಿದ್ಗಿದ್ರೆ ಏನ್ ಮಾಡ್ಲಿ?"

ಸೌಮ್ಯಳಿಗೆ ಒಂದಕ್ಷರವೂ ಬಿಡದೆ ಕೇಳಿತು. ಮೈಕನ್ನು ತುಟಿಗೆ ಎಳೆದುಕೊಂಡು ಮೆಲ್ಲಗೆ ಹೇಳಿದಳು: "ಬೀಳಾಕಿಲ್ಲ ಕಣಪ್ಪ."

ಅಪ್ಪನ ಕೈಯ ಕಬ್ಬು ಅಲ್ಲೇ ನಿಂತಿತು.

"ಗಾಣ ನಿಲ್ಲಿಸ್ಬ್ಯಾಡ," ಅಂದಳು. "ಇನ್ನೂ ಒಂದ್ಗಂಟೆ ಟೆಸ್ಟ್ ಮಾಡ್ಬೇಕು."